ಮೂರು ಬೆರಳು ಮರ

ಬಂದೂಕಿನ ಮೇಲಿನ ಕುಂಕುಮ ಕೆರೆದರೆ ಮನೆಗೆ ಶನಿ ವಕ್ಕರಿಸುತ್ತಾನೆ ಎಂದು ಜಯಕುಮಾರ ಹೇಳಿದ ದಿನವೇ ನಾನು ಕೆರೆಯಲು ಕೂತೆ. ಬೇಕೆಂದೇ ಕೂತೆ, ಸುಳ್ಳು ಯಾಕೆ ಹೇಳಲಿ. ಅವನ ಬೈಕು ಇನ್ನೂ ಹುಣಸೆಮರದ ತಿರುವು ದಾಟಿರಲಿಲ್ಲ, ನಾನು ಜಗಲಿಯ ಮೇಲೆ ಹಳೇ ಸೀರೆ ಹಾಸಿ ಕೈಗೆ ಗಾಜಿನ ಚೂರು ತಗೊಂಡಿದ್ದೆ.

ಜಯಕುಮಾರ ನನ್ನ ಚಿಕ್ಕಪ್ಪ ನರಸಯ್ಯನವರ ಮಗ, ನನಗಿಂತ ಎಂಟು ವರ್ಷ ಚಿಕ್ಕವನು. ಕನಕಪುರದಲ್ಲಿ ಬೋರ್‌ವೆಲ್ ಮೋಟರಿನ ಅಂಗಡಿ ಇಟ್ಟಿದ್ದಾನೆ. ಹೊಲಕ್ಕೆ ಕಾಲಿಟ್ಟು ಯಾವ ಕಾಲವಾಯಿತೋ ಅವನಿಗೇ ಗೊತ್ತಿಲ್ಲ. ಆದರೆ ಬಂದೂಕು ಮಾತ್ರ ಬೇಕು. ಅಂಗಡಿಯ ಗೋಡೆಗೆ ತೂಗುಹಾಕಿದರೆ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹೊಡೆಯುತ್ತಾರೆ ಎಂಬ ಆಸೆ ಅವನಿಗೆ.

ನನಗೆ ಬಂದೂಕು ಬೇಕಾಗಿದ್ದು ರಾಗಿಗೆ. ಮರಳವಾಡಿ ಕಡೆಯ ನಮ್ಮೂರಿನಲ್ಲಿ ಅಪ್ಪ ಮುನಿಯಪ್ಪನ ಮೂರೂವರೆ ಎಕರೆ ಉಳುವವಳು, ಬಿತ್ತುವವಳು, ಕಾಯುವವಳು ನಾನೇ. ಕಾಡು ನಮ್ಮ ಹೊಲದಿಂದ ಕೂಗಳತೆ ದೂರ. ತೆನೆ ಬಂದರೆ ಸಾಕು, ಹಂದಿಗಳು ಮರಿಮಕ್ಕಳನ್ನು ಕಟ್ಟಿಕೊಂಡು ಬಂದು ನೆಲ ಉತ್ತುಬಿಡುತ್ತವೆ. ಕೊಲ್ಲುವುದೇನೂ ಬೇಡ, ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಎಂಟು ದಿನ ಈ ಕಡೆ ತಲೆ ಹಾಕುವುದಿಲ್ಲ. ಆದರೆ ಹಾರಿಸಬೇಕಾದವನು ಲೈಸೆನ್ಸು ಇದ್ದವನು. ಲೈಸೆನ್ಸು ಅಪ್ಪನದು, ಅಪ್ಪನಿಗೆ ಎಪ್ಪತ್ತೆಂಟು, ಎರಡು ವರ್ಷದಿಂದ ಅವನ ಕೈಯಲ್ಲಿ ಕಾಫಿ ಲೋಟವೂ ನಿಲ್ಲುವುದಿಲ್ಲ. ಹೋದ ವರ್ಷ ತಟ್ಟೆ ಬಡಿದು, ಪಟಾಕಿ ಹೊಡೆದು, ಗಂಟಲು ಹರಿಯುವಂತೆ ಕೂಗಿ ನೋಡಿದೆ. ಹಂದಿಗಳು ನನ್ನ ಕೂಗು ಕೇಳುತ್ತಲೇ ಮುಕ್ಕಾಲು ಬೆಳೆ ಮೇಯ್ದವು.

ವಯಸ್ಸಾದವರು ಲೈಸೆನ್ಸನ್ನು ಮನೆಯವರ ಹೆಸರಿಗೆ ಮಾಡಿಕೊಡಬಹುದು ಎಂದು ತಿಳಿದು, ಅಪ್ಪನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಅಲ್ಲಿನವರು ಮರ್ಯಾದೆಯಾಗಿಯೇ ಮಾತಾಡಿಸಿದರು. ಬಂದೂಕು ತಿರುಗಿಸಿ ನೋಡಿ, "ನಳಿಗೆ ಚೆನ್ನಾಗೈತೆ. ಬಟ್ಟು ಬಿರುಕು ಬುಟ್ಟೈತಲ್ಲ ಯಜಮಾನ್ರೇ. ಸರಿಮಾಡ್ಕೊಂಡು ಸೋಮವಾರ ತನ್ನಿ. ಬರೋವಾಗ ಯಾರ ಹೆಸರಿಗೆ ಅಂತ ಬರೆದು ಸೈನ್ ಹಾಕಿ" ಎಂದರು. ಬಟ್ಟು ಎಂದರೆ ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗ. ನಮ್ಮ ಬಂದೂಕಿನದು ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ಸೀಳಿತ್ತು.

ಬಸ್ಸಿನಲ್ಲಿ ಬರುವಾಗ ಕೇಳಿದೆ, "ಯಾರ ಹೆಸರು ಬರೀತೀಯಪ್ಪ?"

"ನೋಡಾನ" ಅಂದ.

ನಮ್ಮಪ್ಪನ ಈ 'ನೋಡಾನ' ಕೇಳಿದರೆ ನನಗೆ ತಲೆ ಸಿಡಿಯುತ್ತದೆ. ನನ್ನ ಮದುವೆಗೂ ನೋಡಾನ, ಗಂಡ ತೀರಿಕೊಂಡ ಮೇಲೆ ಮನೆಗೆ ಬರಲಾ ಎಂದು ಕೇಳಿದ್ದಕ್ಕೂ ನೋಡಾನ. ಅವನು ನೋಡುತ್ತಾ ಕೂತಿದ್ದರಿಂದಲೇ ನಾನು ಚನ್ನಪಟ್ಟಣದಲ್ಲಿ ಹನ್ನೆರಡು ವರ್ಷ ಬೊಂಬೆಗೆ ಅರಗು ಹಚ್ಚಿ ಬದುಕಿದ್ದು. ಅವನ ಕೈ ನಡುಗಿ ಹೊಲ ಬೀಳುಬಿದ್ದ ಮೇಲೆ ನಾನೇ ಬಟ್ಟೆ ಗಂಟು ಕಟ್ಟಿಕೊಂಡು ಬಂದೆ. ಆಗ ಯಾರನ್ನೂ ಕೇಳಲಿಲ್ಲ.

ವಿಷಯ ಕನಕಪುರಕ್ಕೆ ಹೇಗೆ ಮುಟ್ಟಿತೋ, ಮಾರನೇ ದಿನವೇ ಜಯಕುಮಾರ ಬಂದ. ಕೂರದೆ ನಿಂತುಕೊಂಡೇ ಮಾತು ತೆಗೆದ.

"ಅಕ್ಕ, ನೀನ್ಯಾಕೆ ಒದ್ದಾಡ್ತೀಯಾ. ಬೆಂಗಳೂರಲ್ಲಿ ಬಂದೂಕಿನಂಗಡಿ ಅವೆ. ಈ ಹಳೇ ಮರ ಬಿಸಾಕಿ ಪ್ಲಾಸ್ಟಿಕ್ ಬಟ್ಟು ಹಾಕಿಸ್ಕೊಂಡ್ ಬತ್ತೀನಿ. ಹೆಂಗೂ ನನ್ನ ಹೆಸರಿಗೇ ತಾನೇ ಬರೋದು."

"ಹಂಗಂತ ಯಾರು ಹೇಳಿದ್ರು?"

"ಹೇಳೋದೇನೈತೆ. ದೊಡ್ಡಪ್ಪಂಗೆ ಗಂಡುಮಕ್ಳಿಲ್ಲ. ನಮ್ ಮನೇಲಿ ಹೆಂಗಸ್ರು ಬಂದೂಕ ಮುಟ್ಟಿದ್ದೇ ಇಲ್ಲ. ಆಯುಧಪೂಜೆ ದಿನ ಹತ್ರಾನೂ ಬರಂಗಿಲ್ಲ."

"ಮರ ನಾನೇ ಸರಿ ಮಾಡ್ತೀನಿ. ಎಲ್ಲ ಕೆರೆದು ಹೊಸಾ ಬಣ್ಣ ಹಚ್ತೀನಿ."

ಆಗಲೇ ಅವನು ಶನಿಯ ಸುದ್ದಿ ಎತ್ತಿದ್ದು. ಮರವನ್ನೇ ಬಿಸಾಕಿದರೆ ಶನಿ ಇಲ್ಲವಂತೆ, ಕುಂಕುಮ ಕೆರೆದರೆ ಶನಿಯಂತೆ. ಭಾನುವಾರ ನಮ್ಮಪ್ಪನನ್ನೂ ಕರೆದುಕೊಂಡು ಬತ್ತೀನಿ, ಕಾಗದ ರೆಡಿ ಇರುತ್ತೆ, ದೊಡ್ಡಪ್ಪ ಸೈನ್ ಹಾಕಿದರಾಯಿತು ಎಂದು ಹೇಳಿ ಹೋದ. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಅವನಿಗೂ ಅದೇ 'ನೋಡಾನ' ಅಂದಿದ್ದ.

ಹಿಂದಿನ ರಾತ್ರಿ ಮರ ಬಿಚ್ಚಿಕೊಟ್ಟವನು ಮಾತ್ರ ಅಪ್ಪನೇ. ನಳಿಗೆ, ಬೆರಳಿನಿಂದ ಎಳೆಯುವ ಕುದುರೆ ಎಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದು, ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡ. "ಕಬ್ಬಿಣ ನೀನು ಮುಟ್ಟಂಗಿಲ್ಲ. ಮರಕ್ಕೆ ಲೈಸೆನ್ಸು ಬ್ಯಾಡ" ಅಂದ. ಬುಡಕ್ಕೆ ಹೊಡೆದಿದ್ದ ತಗಡನ್ನೂ ಅವನೇ ತೆಗೆದುಕೊಟ್ಟ.

ಐವತ್ತು ವರ್ಷದ ಆಯುಧಪೂಜೆ ಆ ಮರದ ಮೇಲಿತ್ತು. ಅರಿಶಿನ, ಕುಂಕುಮ, ವಿಭೂತಿ, ಅದರ ಮೇಲೆ ಎಣ್ಣೆ, ದೀಪದ ಹೊಗೆ, ಮತ್ತೆ ಕುಂಕುಮ. ಬೆರಳ ದಪ್ಪಕ್ಕೆ ಹಕ್ಕಳೆಗಟ್ಟಿತ್ತು. ಗಾಜಿನ ಚೂರು ಅಡ್ಡಲಾಗಿ ಹಿಡಿದು ಎಳೆದರೆ ಪದರ ಪದರವಾಗಿ ಏಳುತ್ತಿತ್ತು. ಅವ್ವ ಚಿಕ್ಕಲಕ್ಷ್ಮಮ್ಮ ಒಳಗಿಂದ ಬಂದು, ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮೊರ ತಂದು ಉದುರಿದ್ದನ್ನೆಲ್ಲ ಬಳಿದುಕೊಂಡು ಹೋಗಿ, ಯಾರೂ ತುಳಿಯದಂತೆ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದಳು.

ಕೆರೆಯುವಾಗ ನನಗೆ ಅಜ್ಜಿ ನೆನಪಾದಳು. ಅಂಕಮ್ಮ ಅಂತ, ಅಪ್ಪನ ತಾಯಿ. ನನಗೆ ಹನ್ನೆರಡಾಗಿದ್ದಾಗ ಸತ್ತಳು. ಆಯುಧಪೂಜೆಯ ದಿನ ಗಂಡಸರು ನಡುಮನೆಯಲ್ಲಿ ಬಂದೂಕಿಗೆ ಮಂಗಳಾರತಿ ಎತ್ತುತ್ತಿದ್ದರೆ ಅಜ್ಜಿ ಇದೇ ಜಗಲಿಯಲ್ಲಿ ಬೆನ್ನು ಮಾಡಿ ಕೂತಿರುತ್ತಿದ್ದಳು. ನಾವು ಹುಡುಗಿಯರು ಬಾಗಿಲಿನಿಂದ ಇಣುಕಿ ನೋಡುತ್ತಿದ್ದೆವು. ಅವಳು ಕತ್ತು ಕೂಡ ತಿರುಗಿಸುತ್ತಿರಲಿಲ್ಲ. ಪೂಜೆಯಾದ ಮೇಲೆ ಪ್ರಸಾದದ ಚರ್ಪು ಕೊಟ್ಟರೆ ನಮಗೇ ಹಂಚಿಬಿಡುತ್ತಿದ್ದಳು.

ಕುಂಕುಮದ ಕೆಳಗೆ ಕಪ್ಪು ಪೇಂಟಿತ್ತು, ಗಟ್ಟಿಯಾದದ್ದು. ಅದನ್ನು ನಾನು ತೆಗೆಯಲಿಲ್ಲ. ಅರಗಿಗೆ ಒಳ್ಳೇ ತಳಪಾಯವಾಯಿತು ಅಂದುಕೊಂಡೆ. ಇಲ್ಲೇ ನಾನು ಎಡವಿದ್ದು. ಹನ್ನೆರಡು ವರ್ಷ ಚನ್ನಪಟ್ಟಣದ ಅರಗು ಹಚ್ಚಿದವಳಿಗೆ ಬೇರೆ ಏನೂ ತೋಚುವುದಿಲ್ಲ. ಕುದುರೆ ಬೊಂಬೆಗೂ ಅರಗು, ಬಟ್ಟಲಿಗೂ ಅರಗು, ಬಂದೂಕಿಗೂ ಅರಗು. ಸೀಳಿಗೆ ಅಂಟು ತುಂಬಿ, ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿ ಒಂದು ದಿನ ಬಿಟ್ಟೆ. ಅದು ಕೂತ ಮೇಲೆ ಕೆಂಡದ ಮೇಲೆ ಮರ ಕಾಯಿಸುತ್ತಾ ದಾಳಿಂಬೆ ಬಣ್ಣದ ಅರಗಿನ ಕಡ್ಡಿ ಉಜ್ಜಿದೆ, ತಾಳೆಗರಿಯಲ್ಲಿ ತೀಡಿದೆ. ಮುಖ ಕಾಣುವಂತೆ ಹೊಳೆಯಿತು. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿ, ಒಣಗಲಿ ಎಂದು ದನದ ಕೊಟ್ಟಿಗೆಯ ತಗಡಿನ ಮೇಲೆ ಬಿಸಿಲಿಗಿಟ್ಟೆ.

ಮಧ್ಯಾಹ್ನ ಜಯಕುಮಾರ ಮತ್ತೆ ಬಂದ. ಕಾಗದಕ್ಕೆ ಅಪ್ಪನ ಆಧಾರ್ ನಂಬರ್ ಬೇಕಿತ್ತಂತೆ. ನನಗೆ ತೋರಿಸಿಕೊಳ್ಳುವ ಚಪಲ. ತಗಡಿನ ಮೇಲಿಂದ ಮರ ಇಳಿಸಿ, ಭುಜಕ್ಕಿಡದೆ, ಗುರಿ ಇಡುವವರ ಹಾಗೆ ಎತ್ತಿ ಕೆನ್ನೆಗೆ ಒತ್ತಿ ಹಿಡಿದೆ. "ನೋಡ್ಲಾ, ನಿನ್ನ ಪ್ಲಾಸ್ಟಿಕ್ಕು ಹಿಂಗೆ ಹೊಳೀತದಾ?"

ಕೆನ್ನೆ ತೆಗೆಯಲು ಹೋದರೆ ಬರಲಿಲ್ಲ. ಬಿಸಿಲಿಗೆ ಅರಗು ಮೆತ್ತಗಾಗಿ, ಬೆವರಿದ ಕೆನ್ನೆಗೆ ಕಚ್ಚಿಕೊಂಡಿತ್ತು. ಎಳೆದೆ. ಚರ್ಮ ಉರಿಯಿತು, ಕೆನ್ನೆಯ ಮೇಲೆ ನಾಲ್ಕು ಬೆರಳಷ್ಟು ದಾಳಿಂಬೆ ಬಣ್ಣ ಕೂತಿತು, ಮರದ ಮೇಲೆ ನನ್ನ ಕೆನ್ನೆಯ ಕೂದಲು. ಜಯಕುಮಾರ ಕಂಬ ಹಿಡಿದುಕೊಂಡು ನಕ್ಕ.

"ಅಕ್ಕ, ಬಂದೂಕನ್ನೂ ಬೊಂಬೆ ಮಾಡ್ಬುಟ್ಟಲ್ಲ. ಒಂದು ಗಿಲಕಿ ಕಟ್ಬುಡು, ಹಂದಿ ಮರಿ ಆಡ್ಕೊಳ್ಳಲಿ."

ಅವನು ಹೋದ ಮೇಲೆ ಕೊಟ್ಟಿಗೆಯಲ್ಲಿ ಕೂತು ಅತ್ತೆ. ನೋವಿಗಲ್ಲ, ಅವಮಾನಕ್ಕೆ. ನನಗೆ ಬರುತ್ತೆ ಅಂದುಕೊಂಡಿದ್ದ ಒಂದೇ ಕೆಲಸ ಅದು. ಅದರಲ್ಲೇ ಅವನ ಮುಂದೆ ನಗೆಪಾಟಲಾದೆನಲ್ಲ. ಅವ್ವ ಕೊಬ್ಬರಿ ಎಣ್ಣೆ ತಂದು ಕೆನ್ನೆಗೆ ಹಚ್ಚಿದಳು.

ಮಾರನೇ ದಿನ ಬೆಳಗ್ಗೆ ಮರವನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ನನಗೆ ಕೆಲಸ ಕಲಿಸಿದ ಅಸದುಲ್ಲಾ ಉಸ್ತಾದರು ಮನೆಯ ಮುಂದಿನ ಕೋಣೆಯಲ್ಲೇ ಮರ ತಿರುಗಿಸುವ ಲೇತ್ ಯಂತ್ರ ಇಟ್ಟಿದ್ದಾರೆ. ನನ್ನ ಕೆನ್ನೆ ನೋಡಿದರು, ಗೋಣಿ ಬಿಚ್ಚಿ ಮರ ನೋಡಿದರು. ಕೇಳುವ ಅಗತ್ಯವೇ ಬೀಳಲಿಲ್ಲ.

"ನನ್ನ ಹತ್ರ ಎಷ್ಟು ವರ್ಷ ಇದ್ದೆ?"

"ಹನ್ನೆರಡು."

"ಹನ್ನೆರಡು ವರ್ಷದಲ್ಲಿ ತಿರುಗದೇ ಇರೋ ಮರಕ್ಕೆ ನಾನು ಅರಗು ಹಚ್ಚಿದ್ದು ನೋಡಿದೀಯಾ?"

ಮರ ಗರಗರ ತಿರುಗುವಾಗ ಹುಟ್ಟುವ ಕಾವಿನಲ್ಲೇ ಅರಗು ತೆಳ್ಳಗೆ ಹರಡಿ ಹಿಡಿದುಕೊಳ್ಳುವುದು. ಕೆಂಡದ ಮೇಲೆ ಕಾಯಿಸಿ ದಪ್ಪಗೆ ಬಳಿದರೆ ಸುಮ್ಮನೆ ಮೇಲೆ ಕೂತಿರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹಠ ಬಂದಾಗ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

"ಬೊಂಬೆ ನೆರಳಲ್ಲಿರೋ ಸಾಮಾನು" ಎಂದರು ಉಸ್ತಾದರು. "ಇದು ಬಿಸಿಲಲ್ಲಿ, ಬೆವರಲ್ಲಿ ಹಿಡಿಯೋದು. ಇದಕ್ಕೆ ಎಣ್ಣೆ ಕುಡಿಸ್ಬೇಕು. ಅಗಸೆ ಎಣ್ಣೆ, ದಿನಕ್ಕೊಂದು ಸಲ, ಅಂಗೈಯಲ್ಲಿ ಬಿಸಿ ಹುಟ್ಟೋತನಕ ಉಜ್ಜು. ಬಣ್ಣ ಬೇಕಂದ್ರೆ ಅದಕ್ಕೂ ಮೊದಲು ಕಾಚು ಕುದಿಸಿ ಬಟ್ಟೇಲಿ ಹಚ್ಚು, ಎಲೆಅಡಿಕೆಗೆ ಹಾಕ್ಕೊಳ್ಳೋ ಕಾಚು. ಮರದ ಒಳಗೇ ಇಳಿಯುತ್ತೆ. ಆದರೆ ಈ ಕಪ್ಪು ಪೇಂಟ್ ಪೂರಾ ಹೋಗ್ಬೇಕಮ್ಮ. ಯಾಕೆ ಬಿಟ್ಟೆ ಅದನ್ನ?"

"ಮೇಲೆ ಬಣ್ಣ ಬರುತ್ತಲ್ಲ ಅಂತ."

"ಮರದ ಮುಖ ನೋಡದೆ ಬಣ್ಣ ಹಚ್ಚೋದನ್ನ ನಾನು ನಿನಗೆ ಕಲಿಸಿಲ್ಲ" ಎಂದು ಬೈದು, ಉಪ್ಪು ಕಾಗದದ ನಾಲ್ಕು ಹಾಳೆ ಕೊಟ್ಟು, ಚಹಾ ಕುಡಿಸಿ ಕಳಿಸಿದರು.

ಶುಕ್ರವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ಕೆರೆದೆ. ಮೊದಲು ಅರಗು ಹೋಯಿತು, ಆಮೇಲೆ ಪೇಂಟು. ಅಂಗೈ ಬೊಬ್ಬೆ ಎದ್ದಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ನಾರನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಮತ್ತೆ ಒರೆಸಿ. ಮಣ್ಣಿನ ಬಣ್ಣದ ಮರ ಬಯಲಾಯಿತು. ಬುಡದ ಹತ್ತಿರ ಸುತ್ತಲೂ ಒಂದು ಸಣ್ಣ ಗೆರೆ ಕಂಡಿತು, ಇನ್ನೊಂದು ಬಿರುಕೇನೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಕಾಚು ಕುದಿಸಿ, ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಅದ್ದಿ ಮೊದಲ ಸಲ ಹಚ್ಚಿದೆ, ಆರಿದ ಮೇಲೆ ಎರಡನೇ ಸಲ ಹಚ್ಚಿದೆ.

ಕುತ್ತಿಗೆಯಿಂದ ಹಿಡಿದು ಮುಕ್ಕಾಲು ಮರ ಗಟಗಟನೆ ಕುಡಿದು ಕೆಂಪು ಕಂದಾಯಿತು. ನರಗಳೆಲ್ಲ ಎದ್ದು ಕಂಡವು, ನೋಡಿ ಕಣ್ಣು ತಂಪಾಯಿತು. ಆದರೆ ಬುಡದ ಮೂರು ಬೆರಳಗಲ ಮಾತ್ರ ಬಿಳಚಿಕೊಂಡೇ ಇತ್ತು. ಮೂರನೇ ಸಲ ಹಚ್ಚಿದೆ, ನಾಲ್ಕನೇ ಸಲ ಹಚ್ಚಿದೆ, ಊಹೂಂ. ಆ ಗೆರೆಯವರೆಗೆ ಒಂದು ಮರ, ಗೆರೆಯಿಂದಾಚೆಗೆ ಬೇರೆಯೇ ಮರ. ಮರ ಮುಟ್ಟಿ ಬದುಕಿದವಳು ನಾನು, ಅಷ್ಟು ತಿಳಿಯುತ್ತದೆ. ಅದು ಬಿರುಕಲ್ಲ, ಬೆಸುಗೆ.

ಅಪ್ಪ ಬೆಂಚಿನ ಮೇಲಿದ್ದ. ತೆಗೆದುಕೊಂಡು ಹೋಗಿ ಅವನ ತೊಡೆಯ ಮೇಲಿಟ್ಟೆ.

"ಇದ್ಯಾರಪ್ಪ ಸೇರಿಸಿದ್ದು?"

ಅವನು ಆ ಬಿಳೀ ತುಂಡಿನ ಮೇಲೆ ಬೆರಳಾಡಿಸಿದ. ನೋಡಾನ ಅನ್ನುತ್ತಾನೆ ಅಂದುಕೊಂಡೆ.

"ನಾನೇ" ಅಂದ.

"ಯಾಕೆ?"

"ಗಿಡ್ಡ ಆಗಿತ್ತು."

"ಯಾರಿಗೆ ಗಿಡ್ಡ?"

"ನಂಗೆ. ನಿಮ್ ತಾತ ಅದನ್ನ ಕುಯ್ಸಿದ್ದು ನಿಮ್ಮಜ್ಜಿ ತೋಳಿನ ಅಳತೆಗೆ."

ಅವ್ವ ಬಾಗಿಲಲ್ಲಿ ಬಂದು ನಿಂತಳು. ಅಪ್ಪ ನೆಲ ನೋಡುತ್ತಾ ಹೇಳಿದ. ತಾತ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದ. ಲೈಸೆನ್ಸು ಅವನ ಹೆಸರಲ್ಲಿ, ಹೊಲ ಕಾಯುವ ಅಟ್ಟಣೆಯ ಮೇಲೆ ಬಂದೂಕು ಹಿಡಿದು ಕೂತವಳು ಅಜ್ಜಿ. ಆಗಿನ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಉಂಡು ಬೆಳೆದದ್ದು ಅವಳು ಕಾದ ರಾಗಿ.

"ನಂಗೆ ಹೆಣ್ಣು ನೋಡಾಕೆ ಹೋದಾಗ ನಗಾಡುದ್ರು ಕಣವ್ವ" ಅಂದ ಅಪ್ಪ. "ಹೆಂಗ್ಸು ಬಂದೂಕ ಹಿಡಿದು ಸಾಕಿದ ಗಂಡು ಅಂತ. ಎರಡು ಸಂಬಂಧ ತಪ್ಪೋಯ್ತು. ರೋಸಿ ಬಂದು ಆಚಾರ್ರ ಹತ್ರ ತುಂಡು ಸೇರಿಸಿ, ಮೇಲೆ ಕರೀ ಪೇಂಟ್ ಬಳಿದೆ. ಆ ವರ್ಷ ಆಯುಧಪೂಜೆಗೆ ಹೇಳ್ದೆ, ಅವ್ವ ನೀನು ಒಸಿ ಹೊರಗಿರು, ಇದು ಗಂಡಸ್ರ ಕೆಲಸ ಅಂತ."

"ಅಜ್ಜಿ ಏನಂದ್ರು?"

"ಎದ್ದೋಗಿ ಜಗಲೀಲಿ ಕೂತ್ಕೊಂಡ್ಲು. ಸಾಯೋಗಂಟ ಅಂಗೇ ಕೂತ್ಲು. ನಾನೂ ಒಳಕ್ಕೆ ಬಾ ಅನ್ನಲಿಲ್ಲ."

ನನಗೆ ಮೈಯೆಲ್ಲ ಹತ್ತಿ ಉರಿಯಿತು. ಬೆನ್ನು ಮಾಡಿ ಕೂತಿದ್ದ ಆ ಮುದುಕಿಗೆ ಮಡಿ, ಭಕ್ತಿ ಎಂದು ನಾವೆಲ್ಲ ತಿಳಿದಿದ್ದೆವಲ್ಲ. "ಅನ್ನ ಹಾಕಿದ ಕೈನ ಆಚೆ ಕೂರಿಸಿ, ಅವಳ ಬಂದೂಕಿಗೇ ಮಂಗಳಾರತಿ ಎತ್ತಿದ್ಯಲ್ಲಪ್ಪ. ನಿಂಗೆ ಹೆಂಗೆ ಮನಸ್ಸು ಬಂತು" ಎಂದು ಕೇಳಿಯೇಬಿಟ್ಟೆ. ಅಪ್ಪನಿಗೆ ಹಾಗೆಲ್ಲ ಮಾತಾಡಿದವಳಲ್ಲ ನಾನು. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ, ನಿಜ ಹೇಳುತ್ತೇನೆ.

ಅವ್ವ ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು. "ನಾಳೆ ಅವ್ರು ಬತ್ತಾರೆ. ಒಸಿ ಕರೀ ಬಣ್ಣ ಬಳಿದುಬುಡು ಮಗ. ಸತ್ತೋರ ಸುದ್ದಿ ಈಗ್ಯಾಕೆ. ನಿಮ್ಮಪ್ಪಂಗೆ ನಾಚಿಕೆ ಆಯ್ತದೆ."

"ಈ ಮನೇಲಿ ಬಳಿದಿದ್ದು ಸಾಕು ಕಣವ್ವ" ಎಂದೆ. "ಇನ್ನ ನನ್ನ ಕೈಲಿ ಬಳಿಯಕ್ಕಾಗಲ್ಲ. ಲೈಸೆನ್ಸು ಅವನಿಗೇ ಹೋಗ್ಲಿ, ಆದ್ರೆ ಈ ಬಿಳೀ ತುಂಡು ನೋಡ್ಕೊಂಡು ತಗೊಂಡೋಗ್ಲಿ."

ಅಗಸೆ ಎಣ್ಣೆ ಹಚ್ಚಿ ಅಂಗೈ ಉರಿಯುವವರೆಗೆ ಉಜ್ಜಿದೆ. ಎಣ್ಣೆ ಬಿದ್ದ ಮೇಲೆ ಆ ಎರಡು ಮರಗಳ ನಡುವಿನ ಗೆರೆ ಇನ್ನೂ ಚೆನ್ನಾಗಿ ಎದ್ದು ಕಂಡಿತು.

ಭಾನುವಾರ ಹತ್ತು ಗಂಟೆಗೆ ಚಿಕ್ಕಪ್ಪ, ಜಯಕುಮಾರ ಕಾರಿನಲ್ಲಿ ಬಂದರು. ಒಂದು ಡಬ್ಬಿ ಮೈಸೂರುಪಾಕು, ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಟೈಪು ಮಾಡಿಸಿದ ಕಾಗದ: ಮುನಿಯಪ್ಪನಾದ ನಾನು ನನ್ನ ತಮ್ಮನ ಮಗ ಜಯಕುಮಾರನ ಹೆಸರಿಗೆ ಲೈಸೆನ್ಸು ಮಾಡಿಕೊಡಲು ಒಪ್ಪಿದ್ದೇನೆ ಎಂದು. ಸೈನ್ ಹಾಕುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಕೂಡ ಮಾಡಿಕೊಂಡು ಬಂದಿದ್ದ.

ನಾನು ಮರ ತಂದು ಅವರ ಮುಂದಿಟ್ಟೆ. ಚಿಕ್ಕಪ್ಪನ ಕಣ್ಣು ನೇರ ಬುಡಕ್ಕೇ ಹೋಯಿತು, ಬೇರೆ ಕಡೆಗೆ ಹೋಗಲಿಲ್ಲ.

"ಇದನ್ಯಾಕವ್ವ ಬಿಚ್ಚಿದೆ" ಅಂದರು. "ಅದೆಲ್ಲ ಮುಗಿದೋದ ಕತೆ."

"ಯಾವ ಕತೆ?" ಎಂದ ಜಯಕುಮಾರ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ನಾನೇ ಹೇಳಿದೆ, ಒಂದನ್ನೂ ಬಿಡದೆ. ಅವನು ಅಪ್ಪನ ಮುಖ ನೋಡಿದ, ಆಮೇಲೆ ತನ್ನ ಅಪ್ಪನ ಮುಖ ನೋಡಿದ. ಇಬ್ಬರೂ ಇಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಫೈಲಿನ ಗುಂಡಿ ತೆಗೆದು ಹಾಕಿ ಮಾಡಿದ. ಆದರೆ ವ್ಯಾಪಾರಸ್ಥ ಅವನು, ಸೋಲುವವನಲ್ಲ.

"ಆಯ್ತು, ಅಜ್ಜಿ ಹೊಡೆದಿದ್ರು. ದೊಡ್ಡ ಮನುಷ್ಯೆ, ಕೈ ಮುಗೀತೀನಿ. ಈಗಿನ ಮಾತಾಡನ" ಎಂದು ಮರ ಎತ್ತಿ ಭುಜಕ್ಕಿಟ್ಟುಕೊಂಡ. ಆಳು ಎತ್ತರ, ಉದ್ದ ತೋಳು. ಅವನ ಬೆರಳು ಕುದುರೆ ಇರುವ ಜಾಗಕ್ಕೆ ಸರಿಯಾಗಿ ಹೋಗಿ ಕೂತಿತು. "ಈಗ ನೀನು ಹಿಡಿ ಅಕ್ಕ."

ಹಿಡಿದೆ. ನಾನು ಅಜ್ಜಿಯ ಹಾಗೇ ಗಿಡ್ಡಿ. ಬುಡ ಕಂಕುಳಿಗೆ ಸಿಕ್ಕಿಕೊಂಡಿತು, ಕತ್ತು ಚಾಚಿದರೂ ಕೆನ್ನೆ ಸಿಗಲಿಲ್ಲ, ಬೆರಳು ಎರಡಂಗುಲ ಹಿಂದೆಯೇ ಉಳಿಯಿತು.

"ನೋಡು. ಬಂದೂಕೇ ಹೇಳ್ತೈತೆ ಯಾರ್ದು ಅಂತ" ಎಂದು ಅವನು ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದ. "ದೊಡ್ಡಪ್ಪ, ಇಲ್ಲಿ."

ಅಪ್ಪ ಪೆನ್ನು ತಗೊಂಡ. ಪೆನ್ನನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಅವನು ನನ್ನ ಕಡೆ ತಿರುಗಿದ.

"ಗರಗಸ ತತ್ತಾ."

"ಅಣ್ಣ, ಏನ್ ಮಾಡ್ತಾ ಇದೀಯಾ?" ಎಂದು ಚಿಕ್ಕಪ್ಪ ಎದ್ದು ನಿಂತರು.

"ಸೇರಿಸಿದೋನು ನಾನು. ತೆಗೆಯೋದೂ ನಾನೇ. ನೀನು ಕೂತ್ಕೊ."

ಗರಗಸ ತಂದೆ. ಅಪ್ಪನ ಕೈ ನಡುಗುತ್ತಿತ್ತು, ಕೊಯ್ಯಲು ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಮರವನ್ನು ಬೆಂಚಿಗೆ ಅಡ್ಡ ಇಟ್ಟು, ಅದರ ಮೇಲೆ ಎರಡೂ ಕೈ ಊರಿ, ಮೈ ಭಾರವೆಲ್ಲ ಬಿಟ್ಟ. "ನಾನು ಹಿಡ್ಕೊಂಡಿದೀನಿ. ಗೆರೆ ಮೇಲೇ ಕುಯ್ಯಿ."

ಕೊಯ್ದೆ. ಜಯಕುಮಾರ "ಇನ್ನ ಯಾವ ಗಂಡಸೂ ಹಿಡಿಯಕ್ಕಾಗಲ್ಲ ದೊಡ್ಡಪ್ಪ, ಬಂದೂಕು ಹಾಳಾಯ್ತದೆ" ಎನ್ನುತ್ತಲೇ ಇದ್ದ. ಗರಗಸದ ಸದ್ದಿನಲ್ಲಿ ಅವನ ಮಾತು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಬಿಳೀ ತುಂಡು ಕಳಚಿ ನೆಲಕ್ಕೆ ಬಿತ್ತು. ಮರ ಎತ್ತಿ ಭುಜಕ್ಕೆ ಒತ್ತಿಕೊಂಡೆ. ಕೆನ್ನೆ ತಾನಾಗಿ ಬಂದು ಕೂತಿತು, ಬೆರಳು ಸೇರಬೇಕಾದ ಕಡೆ ಸೇರಿತು. ನಾನು ಹುಟ್ಟುವ ಮೊದಲೇ ಯಾರೋ ನನ್ನ ಅಳತೆ ತೆಗೆದಿಟ್ಟ ಹಾಗಿತ್ತು. ಕಣ್ಣು ತುಂಬಿ ಬಂದರೂ ಇಳಿಸಲಿಲ್ಲ, ಹಾಗೇ ಹಿಡಿದು ನಿಂತೆ.

ಅಪ್ಪ ಕೂತುಕೊಂಡು, ಟೈಪು ಮಾಡಿದ ಕಾಗದದಲ್ಲಿ 'ತಮ್ಮನ ಮಗ ಜಯಕುಮಾರ' ಎಂದಿದ್ದನ್ನು ಗೀಟು ಹಾಕಿ ಹೊಡೆದ. ಮೇಲೆ ಸೊಟ್ಟಸೊಟ್ಟ ಅಕ್ಷರದಲ್ಲಿ 'ಮಗಳು ಲತಾಮಣಿ' ಎಂದು ಬರೆದ. ಬಹಳ ಹೊತ್ತು ಹಿಡಿಯಿತು. ಪೆನ್ಸಿಲ್ ಗುರುತಿದ್ದ ಕಡೆಯೇ ಸೈನ್ ಹಾಕಿ, "ಸ್ಟೇಷನ್ನೋರು ಬೇರೆ ಕಾಗದ ಕೇಳಿದ್ರೆ ಬೇರೆ ಬರ್ಕೊಡ್ತೀನಿ. ಹೆಸರು ಇದೇ" ಎಂದ.

ಜಯಕುಮಾರ 'ಥೂ' ಎಂದು ಹೊರಗೆ ಹೋಗಿ ಕಾರಿನ ಬಾಗಿಲು ಬಡಿದ. ಚಿಕ್ಕಪ್ಪ ಮಾತ್ರ ಎದ್ದವರು ಹೋಗಲೂ ಆಗದೆ, ಕೂರಲೂ ಆಗದೆ ನಿಂತಿದ್ದರು.

ಆಗ ಅವ್ವ ಬಂದಳು. ಬಣ್ಣ ಬಳಿ ಎಂದು ನಿನ್ನೆ ನನ್ನ ರಟ್ಟೆ ಹಿಡಿದಿದ್ದವಳು, ಈ ಮನೆಗೆ ಬಂದು ಐವತ್ತು ವರ್ಷದಲ್ಲಿ ಒಂದು ಸಲವೂ ಆ ಬಂದೂಕನ್ನು ಮುಟ್ಟದವಳು. ಬಗ್ಗಿ ನೆಲದ ಮೇಲಿದ್ದ ಬಿಳೀ ತುಂಡು ಎತ್ತಿಕೊಂಡಳು, ಹೊಟ್ಟು ಕೊಡವಿದಳು. ಒಳಗೆ ಗ್ಯಾಸಿದ್ದರೂ ಆ ಕಡೆ ಹೋಗದೆ ಹಿತ್ತಲಿನ ಸೌದೆ ಒಲೆಗೆ ಹೋಗಿ, ಎರಡು ತೆಂಗಿನ ಸೋಗೆ ಹಚ್ಚಿ, ಅದರ ಮೇಲೆ ತುಂಡನ್ನಿಟ್ಟಳು. ಮೇಲೆ ಪಾತ್ರೆ ಇಟ್ಟು ಅಲ್ಲಿಂದಲೇ ಕೂಗಿದಳು.

"ನರಸಯ್ಯ, ಕೂತ್ಕೊಳಪ್ಪ. ಕಾಫಿ ಕುಡ್ಕೊಂಡೋಗು."

ಮೂರು ಬೆರಳು ಮರ. ನಾಲ್ಕು ಲೋಟ ಕಾಫಿಗೆ ಸಾಕಾಯಿತು.